ಸಕ್ಕರೆ ಕಾಯಿಲೆಯ ಮಗುವಿಗೆ ಚಪಾತಿಯೇ ಏಕೆ?

ನಮ್ಮ ತುಮಕೂರು ಸೀಮೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನವೇ ಆ ಮನೆಯಲ್ಲಿ ಲಟ್ಟಣಿಗೆ ಹೊರಬರುತ್ತದೆ. 'ಅನ್ನ ಬಿಡಿ, ಚಪಾತಿ ತಿನ್ನಿ' ಎಂಬ ಮಾತನ್ನು ವೈದ್ಯರು ಹೇಳುವ ಮೊದಲೇ ಪಕ್ಕದ ಮನೆಯವರು ಹೇಳಿ ಮುಗಿಸಿರುತ್ತಾರೆ. ವೈದ್ಯರಾದ ನಾವು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ನಾನಂತೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಬಾರದಾಗಿದ್ದ ಒಂದು ಮಗುವಿಗೂ ಹೇಳಿದೆ. ಆ ಮಗುವಿನ ವಿಚಾರದಿಂದಲೇ ಈ ವಾರದ ಅಂಕಣವನ್ನು ಆರಂಭಿಸುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಮಾತ್ರ ಬದಲಿಸಿದ್ದೇನೆ.

ಹುಡುಗಿಗೆ ಆಗ 7 ವರ್ಷ. ಕುಣಿಗಲ್ ಕಡೆಯ ಹಳ್ಳಿ. ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ತಿಂಗಳೊಪ್ಪತ್ತಿನಲ್ಲಿ ಮೈ ಸೊರಗಿದ್ದು, ಕೊನೆಗೆ ವಾಂತಿ. ಬೆಂಗಳೂರಿಗೆ ಕರೆದೊಯ್ದಾಗ ಒಂದನೇ ಬಗೆಯ ಮಧುಮೇಹ ಎಂದು ತಿಳಿಯಿತು. ಇನ್ಸುಲಿನ್ ಚುಚ್ಚುಮದ್ದು ಆರಂಭಿಸಿ, ತಾಯಿಗೆ ಚುಚ್ಚುವುದನ್ನು ಕಲಿಸಿ ಕಳಿಸಿದ್ದರು. ಊರಿಗೆ ಬಂದ ಮೇಲೆ ತಿಂಗಳಿಗೊಮ್ಮೆ ತುಮಕೂರಿನ ನನ್ನ ಕ್ಲಿನಿಕ್ಕಿಗೆ ತೋರಿಸಲು ಬರತೊಡಗಿದರು. ಮೊದಲ ಸಲ ಬಂದಾಗಲೇ ತಾಯಿ ಕೇಳಿದ್ದರು, "ಸಾರ್, ಮುದ್ದೆ ಕೊಡಬಹುದಾ?" ನಾನು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆ: ಬೆಳಿಗ್ಗೆ ರವೆ ಉಪ್ಪಿಟ್ಟು, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಎರಡು ಚಪಾತಿ, ಅನ್ನ ಮುದ್ದೆ ಕಡಿಮೆ. ಸಕ್ಕರೆ ಅಂಶ ಇದ್ದಕ್ಕಿದ್ದಂತೆ ಇಳಿದರೆ ಕೊಡಲು ಶಾಲೆಯ ಚೀಲದಲ್ಲಿ ಒಂದು ಪ್ಯಾಕೆಟ್ ಬಿಸ್ಕತ್ತು. ಆ ಚೀಟಿಯನ್ನು ಮನೆಯವರು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ನಾಲ್ಕು ವರ್ಷ ಅಕ್ಷರಶಃ ಪಾಲಿಸಿದರು.

ಆ ನಾಲ್ಕು ವರ್ಷಗಳಲ್ಲಿ ಹುಡುಗಿ ಸರಿಯಾಗಿ ಬೆಳೆಯಲಿಲ್ಲ. ಓರಗೆಯ ಮಕ್ಕಳ ಭುಜದ ಮಟ್ಟಕ್ಕೆ ನಿಂತಳು. ರಕ್ತ ಕಡಿಮೆ ಇತ್ತು. ಕಬ್ಬಿಣಾಂಶದ ಟಾನಿಕ್ ಬರೆದೆ. ಹಿಮೋಗ್ಲೋಬಿನ್ ಏರಲಿಲ್ಲ, ಜಂತುಹುಳುವಿನ ಮಾತ್ರೆ ಕೊಟ್ಟು ಬೇರೆ ಕಂಪೆನಿಯ ಟಾನಿಕ್ ಬರೆದೆ. ಊಟವಾದ ಮೇಲೆ ಹೊಟ್ಟೆ ಉಬ್ಬರ ಎಂದರು, ಗ್ಯಾಸ್ ಎಂದೆ. ಎಲ್ಲಕ್ಕಿಂತ ತೊಂದರೆ ಕೊಟ್ಟಿದ್ದು ಸಕ್ಕರೆ ಅಂಶದ ಏರಿಳಿತ. ಹೊಟ್ಟೆ ತುಂಬ ಉಂಡು ಮಲಗಿದ ಮಗು ರಾತ್ರಿ ಒಂದು ಗಂಟೆಗೆ ಬೆವತು ನಡುಗುತ್ತ ಏಳುತ್ತಿದ್ದಳು. ಪರೀಕ್ಷಿಸಿದರೆ 50, ಒಮ್ಮೆ 42. ಇನ್ಸುಲಿನ್ ಹೆಚ್ಚು ಹಾಕಿದ್ದೀರಿ ಎಂದು ತಾಯಿಯನ್ನು ಗದರಿದ್ದೂ ಉಂಟು. ಆ ತಾಯಿ ಒಂದು ಯೂನಿಟ್ಟೂ ತಪ್ಪಿಸದೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅವರನ್ನು ನಂಬದೆ ಹೋದುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಗಂಟು ಬಿಚ್ಚಿಕೊಂಡಿದ್ದು ಅಜ್ಜಿಯ ಒಂದು ಮಾತಿನಿಂದ. ತಾಯಿಯ ತವರು ಗುಬ್ಬಿ ತಾಲ್ಲೂಕು. ಬೇಸಿಗೆ ರಜೆಗೆ ಹುಡುಗಿ ಅಲ್ಲಿ ಹೋಗಿ ಒಂದೂವರೆ ತಿಂಗಳು ಇದ್ದು ಬಂದಿದ್ದಳು. ಮುಂದಿನ ಸಲ ಅಜ್ಜಿಯೂ ಜೊತೆಯಲ್ಲಿ ಬಂದರು. ನಾನು ಎಂದಿನಂತೆ ಪಥ್ಯದ ಉಪದೇಶ ಮಾಡುತ್ತಿದ್ದಾಗ ನಡುವೆ ಬಾಯಿ ಹಾಕಿದರು: "ನಮ್ಮೂರಾಗಿದ್ದಾಗ ಮಗ ಚೆನ್ನಾಗೇ ಇತ್ತಲ್ಲ ಸ್ವಾಮಿ. ಎರಡೊತ್ತೂ ಮುದ್ದೆ ಉಂಡ್ಕೊಂಡು ಇತ್ತು. ಹೊಟ್ಟೆನೋವು ಅಂತ ಒಂದಿನ ಅನ್ನಲಿಲ್ಲ. ನಿಮ್ಮ ಚಪಾತಿ ನಂಗೆ ಲಟ್ಟಿಸಾಕೆ ಬರಲ್ಲ." ತಾಯಿ ನಾಚಿಕೊಂಡು ಸುಮ್ಮನಿರುವಂತೆ ಸನ್ನೆ ಮಾಡಿದರು. ನಾನು ನೋಟ್‌ಬುಕ್ ತೆಗೆಸಿ ನೋಡಿದೆ. ಆ ಆರು ವಾರಗಳಲ್ಲಿ ರಾತ್ರಿ ಸಕ್ಕರೆ ಇಳಿದದ್ದು ಒಂದೇ ಸಲ. ಕುಣಿಗಲ್ಲಿಗೆ ಮರಳಿ ಚಪಾತಿ ಆರಂಭಿಸಿದ ಮೇಲೆ ಮತ್ತೆ ಅದೇ ಕಥೆ.

ಓದಿನ ದಿನಗಳಲ್ಲಿ ಪಠ್ಯಪುಸ್ತಕದಲ್ಲಿ ಕಂಡಿದ್ದ ಒಂದು ಹೆಸರು ಆಗ ನೆನಪಿಗೆ ಬಂತು. ಸೀಲಿಯಾಕ್ ಕಾಯಿಲೆ. ಅದು ಯೂರೋಪಿನವರಿಗೆ, ಹೆಚ್ಚೆಂದರೆ ಪಂಜಾಬಿನವರಿಗೆ ಬರುವ ಕಾಯಿಲೆ ಎಂದು ಓದಿಕೊಂಡು, ಪರೀಕ್ಷೆಗೆ ಎರಡು ಸಾಲು ಬರೆದು ಮರೆತಿದ್ದೆ.

ಗೋಧಿಯಲ್ಲಿ ಗ್ಲುಟೆನ್ ಎಂಬ ಒಂದು ಬಗೆಯ ಪ್ರೋಟೀನು ಇದೆ. ನಾದಿದ ಹಿಟ್ಟು ಎಳೆದರೆ ಹರಿಯದೆ ಬರುವುದು, ಪರೋಟ ಪದರಪದರವಾಗುವುದು, ಬ್ರೆಡ್ಡು ಉಬ್ಬುವುದು ಇದರಿಂದಲೇ. ಬಾರ್ಲಿ ಮತ್ತು ಪಶ್ಚಿಮ ದೇಶಗಳಲ್ಲಿ ಬೆಳೆಯುವ ರೈ ಧಾನ್ಯದಲ್ಲೂ ಇಂಥದೇ ಪ್ರೋಟೀನು ಇದೆ. ಹೆಚ್ಚಿನವರಿಗೆ ಇದರಿಂದ ಯಾವ ಬಾಧಕವೂ ಇಲ್ಲ. ಕೆಲವರಲ್ಲಿ ಮಾತ್ರ ದೇಹದ ರೋಗನಿರೋಧಕ ವ್ಯವಸ್ಥೆ ಇದನ್ನು ಶತ್ರುವೆಂದು ತಿಳಿದು ಯುದ್ಧಕ್ಕಿಳಿಯುತ್ತದೆ. ಯುದ್ಧ ನಡೆಯುವ ಜಾಗ ಸಣ್ಣ ಕರುಳಿನ ಒಳಗೋಡೆ. ಆರೋಗ್ಯವಂತರ ಕರುಳಿನ ಒಳಗೋಡೆ ಹೊಸ ಟರ್ಕಿ ಟವೆಲ್ಲಿನಂತೆ. ಸಣ್ಣಸಣ್ಣ ಎಳೆಗಳು ಎದ್ದು ನಿಂತಿರುತ್ತವೆ, ಊಟದ ಸಾರವನ್ನು ಹೀರಿಕೊಳ್ಳುವುದು ಅವೇ. ಸೀಲಿಯಾಕ್ ಕಾಯಿಲೆಯಲ್ಲಿ ಆ ಎಳೆಗಳು ಸವೆದು ಹಳೆಯ ಟವೆಲ್ಲಿನಂತೆ ಬೋಳಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕಬ್ಬಿಣಾಂಶ, ಸುಣ್ಣಾಂಶ, ವಿಟಮಿನ್ನುಗಳು ರಕ್ತ ಸೇರದೆ ಹೊರಹೋಗುತ್ತವೆ. ನನ್ನ ಟಾನಿಕ್ಕುಗಳಿಗೆ ಆದ ಗತಿಯೂ ಅದೇ.

ಇದನ್ನು ಕಂಡುಹಿಡಿದ ಕಥೆ ನಮ್ಮ ಗುಬ್ಬಿ ಅಜ್ಜಿಯ ಮಾತಿಗೆ ಬಹಳ ಹತ್ತಿರವಾದುದು. 1888ರಲ್ಲೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ಕಾಯಿಲೆಯ ಮಕ್ಕಳನ್ನು ವರ್ಣಿಸಿ, ವಾಸಿಯಾಗುವುದಾದರೆ ಅದು ಆಹಾರದಿಂದಲೇ ಎಂದು ಊಹಿಸಿದ್ದರು. ಯಾವ ಆಹಾರ ಎಂಬುದು ತಿಳಿದಿರಲಿಲ್ಲ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಘೋರ ಬರ ಬಂದು ಬ್ರೆಡ್ಡೇ ಸಿಗದಂತಾಯಿತು. ಉಳಿದ ಮಕ್ಕಳು ಹಸಿವಿನಿಂದ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಮತ್ತೆ ಬ್ರೆಡ್ಡು ಬಂದಾಗ ಅವರ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕೆ ಅದನ್ನು ಕ್ರಮವಾಗಿ ಪರೀಕ್ಷಿಸಿ ಬರೆದು ತೋರಿಸಿದರು.

ಇನ್ನು ಮಧುಮೇಹಕ್ಕೂ ಇದಕ್ಕೂ ಏನು ಸಂಬಂಧ? ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಯವಿರುವುದು ದೊಡ್ಡವರಿಗೆ ಬರುವ ಎರಡನೇ ಬಗೆಯ ಮಧುಮೇಹ. ಮೈತೂಕ, ಕುಳಿತಲ್ಲೇ ಮಾಡುವ ಕೆಲಸ, ವಂಶ ಮೊದಲಾದವುಗಳಿಂದ ಬರುವಂಥದು. ಒಂದನೇ ಬಗೆಯದು ಬೇರೆಯೇ ಜಾತಿ. ಇಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ಕಾವಲು ಪಡೆಯೇ ತಪ್ಪಾಗಿ ಕೊಂದುಬಿಡುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ 13 ವರ್ಷಗಳ ಕಾಲ ಇಟ್ಟ ನೋಂದಣಿಯ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಹೊಸದಾಗಿ ಬರುತ್ತದೆ. ತಾಯಿತಂದೆ ಸಿಹಿ ತಿನ್ನಿಸಿದ್ದರಿಂದ ಬಂದದ್ದಲ್ಲ. ಪಥ್ಯದಿಂದ ಹೋಗುವುದೂ ಇಲ್ಲ. 1922ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಇನ್ಸುಲಿನ್ ಕೊಡುವವರೆಗೆ ಈ ಮಕ್ಕಳು ಬದುಕುತ್ತಿರಲಿಲ್ಲ.

ಎರಡು ಕಾಯಿಲೆಗಳಲ್ಲೂ ತಪ್ಪು ಒಂದೇ: ಕಾವಲುಗಾರ ಮನೆಯವರ ಮೇಲೇ ಕೈ ಮಾಡುವುದು. ಹಾಗೆ ಮಾಡುವ ಸ್ವಭಾವಕ್ಕೆ ಕಾರಣವಾದ ವಂಶವಾಹಿಗಳೂ ಬಹುಮಟ್ಟಿಗೆ ಒಂದೇ. ಡಿಕ್ಯೂ 2, ಡಿಕ್ಯೂ 8 ಎಂದು ವಿಜ್ಞಾನಿಗಳು ಕರೆಯುವ ಎರಡು ಗುರುತುಗಳು ಎರಡು ಕಾಯಿಲೆಯವರಲ್ಲೂ ಮತ್ತೆಮತ್ತೆ ಕಾಣುತ್ತವೆ. ಹೀಗಾಗಿ ಒಂದು ಕಾಯಿಲೆ ಬಂದವರಿಗೆ ಮತ್ತೊಂದು ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚು. ಜಗತ್ತಿನ ಅನೇಕ ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದನೇ ಬಗೆಯ ಮಧುಮೇಹಿಗಳಲ್ಲಿ ನೂರಕ್ಕೆ ಐದರ ಆಸುಪಾಸು ಮಂದಿಗೆ ಸೀಲಿಯಾಕ್ ಇದೆ. ಸಾಮಾನ್ಯ ಜನರಲ್ಲಿ ಅದು ನೂರಕ್ಕೆ ಒಂದರ ಹತ್ತಿರ. ಥೈರಾಯ್ಡ್ ತೊಂದರೆಯೂ ಇದೇ ಬಳಗಕ್ಕೆ ಸೇರಿದ್ದು.

ತಮಾಷೆಯಲ್ಲದ ಸಂಗತಿಯೆಂದರೆ ಹೆಚ್ಚಿನ ಮಧುಮೇಹಿ ಮಕ್ಕಳಲ್ಲಿ ಸೀಲಿಯಾಕ್ ಸದ್ದಿಲ್ಲದೆ ಇರುತ್ತದೆ. ಪುಸ್ತಕದಲ್ಲಿ ಬರೆದಿರುವ ಭೇದಿ, ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು ಇರಲೇಬೇಕೆಂದಿಲ್ಲ. ಮಗು ಕುಳ್ಳಗಿರಬಹುದು. ರಕ್ತಹೀನತೆ ಟಾನಿಕ್ಕಿಗೆ ಬಗ್ಗದಿರಬಹುದು. ಮೈನೆರೆಯುವುದು ತಡವಾಗಬಹುದು, ಬಾಯಿಹುಣ್ಣು ಪದೇಪದೇ ಆಗಬಹುದು. ಅಥವಾ ನನ್ನ ರೋಗಿಯಂತೆ, ಉಂಡರೂ ಸಕ್ಕರೆ ಅಂಶ ಕುಸಿಯಬಹುದು. ಇದರ ಮರ್ಮ ಸರಳ. ತಾಯಿ ಎರಡು ಚಪಾತಿಗೆ ತಕ್ಕಷ್ಟು ಇನ್ಸುಲಿನ್ ಚುಚ್ಚಿರುತ್ತಾರೆ. ಸವೆದ ಕರುಳು ಒಂದು ಚಪಾತಿಯಷ್ಟನ್ನೂ ಸರಿಯಾಗಿ ಹೀರುವುದಿಲ್ಲ. ಇನ್ಸುಲಿನ್ ಮಾತ್ರ ತನ್ನ ಕೆಲಸ ಪೂರ್ತಿ ಮಾಡುತ್ತದೆ. ಸಕ್ಕರೆ ಇಳಿಯಿತೆಂದು ಮಗುವಿಗೆ ಬಿಸ್ಕತ್ತು ಕೊಡುತ್ತಾರೆ. ಬಿಸ್ಕತ್ತು ಯಾವುದರದ್ದು? ಮೈದಾ. ಕರುಳು ಇನ್ನಷ್ಟು ಸವೆಯುತ್ತದೆ.

ಇಷ್ಟು ಓದಿದ ಮೇಲೆ ನನ್ನ ವೃತ್ತಿಬಾಂಧವರು ಕೇಳುವ ಪ್ರಶ್ನೆ ನನಗೆ ಗೊತ್ತು. 'ಇದು ಉತ್ತರ ಭಾರತದ ಕಾಯಿಲೆಯಲ್ಲವೇ? ನಮ್ಮ ರಾಗಿ ತಿನ್ನುವ ಜನಕ್ಕೆ ಇದನ್ನೇಕೆ ಗಂಟು ಹಾಕುತ್ತೀರಿ?' ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹರಿಯಾಣ, ಅಸ್ಸಾಂ ಮತ್ತು ತಮಿಳುನಾಡಿನ ವೆಲ್ಲೂರು ಈ ಮೂರು ಕಡೆ 23 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ವಯಸ್ಕರ ರಕ್ತ ಪರೀಕ್ಷೆ ಮಾಡಿದರು. ಸೀಲಿಯಾಕ್ ಕಾಯಿಲೆಯ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ ಸಿಕ್ಕರೆ ದಕ್ಷಿಣದಲ್ಲಿ ಸಿಕ್ಕಿದ್ದು ಬರೀ 0.10ರಲ್ಲಿ. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಇಲ್ಲಿಗೇ ಓದು ನಿಲ್ಲಿಸಿದರೆ ನಾವು ನಿಶ್ಚಿಂತೆಯಿಂದ ಮಲಗಬಹುದು.

ಅದೇ ಅಧ್ಯಯನದಲ್ಲಿ ಇನ್ನೆರಡು ಅಂಕಿಗಳಿವೆ. ಕಾಯಿಲೆಗೆ ದಾರಿ ಮಾಡುವ ವಂಶವಾಹಿ ಉತ್ತರದವರಲ್ಲಿ ನೂರಕ್ಕೆ 38.1 ಮಂದಿಗೆ ಇದ್ದರೆ ದಕ್ಷಿಣದವರಲ್ಲಿ 36.4 ಮಂದಿಗೆ ಇತ್ತು. ಹೆಚ್ಚುಕಡಿಮೆ ಸಮ. ಬೇರೆಯಾಗಿದ್ದುದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು. ದಕ್ಷಿಣದವರು 25 ಗ್ರಾಂ. ಗೋಧಿ ಕಡಿಮೆ ಎಂಬುದೊಂದೇ ಇದಕ್ಕೆಲ್ಲ ಕಾರಣ ಎಂದು ಹೇಳಲಾಗದು. ಆದರೂ ಮದ್ದು ನಮ್ಮಲ್ಲೂ ಅಷ್ಟೇ ಇದೆ, ಬೆಂಕಿಕಡ್ಡಿ ಗೀರಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಈಗ ಒಂದನೇ ಬಗೆಯ ಮಧುಮೇಹ ಬಂದ ಮಗುವನ್ನು ನೆನೆಸಿಕೊಳ್ಳಿ. ಆ ವಂಶವಾಹಿ ಆ ಮಗುವಿನಲ್ಲಿ ಇರುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು. ಕಾವಲು ಪಡೆ ತಪ್ಪು ಮಾಡುತ್ತದೆಂಬುದು ಆಗಲೇ ಸಾಬೀತಾಗಿದೆ. ಅಂಥ ಮಗುವನ್ನು ಹಿಡಿದು ನಾವು ಮುದ್ದೆ ಬಿಡಿಸಿ ಚಪಾತಿಗೆ ಹಚ್ಚುತ್ತೇವೆ. ವೆಲ್ಲೂರಿನ ಆರೋಗ್ಯವಂತರ ಅಂಕಿಯನ್ನು ಈ ಮಗುವಿಗೆ ಅನ್ವಯಿಸುವುದು ಹೇಗೆ ಸರಿ? ದಕ್ಷಿಣದ ತಟ್ಟೆಯಿಂದ ಎಬ್ಬಿಸಿ ಉತ್ತರದ ತಟ್ಟೆಯ ಮುಂದೆ ಕೂರಿಸಿದವರು ನಾವೇ ಅಲ್ಲವೇ?

ಅಷ್ಟಕ್ಕೂ ಈ ಚಪಾತಿ ಪಥ್ಯಕ್ಕೆ ಆಧಾರ ಎಷ್ಟು ಗಟ್ಟಿ? 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟ ಇದೆ. ಗೋಧಿಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಚಪಾತಿ ಒಣಗಿರುತ್ತದೆ, ಎರಡು ಮೂರಕ್ಕೆ ಕೈ ನಿಲ್ಲುತ್ತದೆ, ಅನ್ನವಾದರೆ ಸಾರಿಗೆ ಮೊಸರಿಗೆ ಎಂದು ಬಡಿಸಿಕೊಳ್ಳುತ್ತ ಹೋಗುತ್ತೇವೆ. ದೊಡ್ಡವರ ಮಧುಮೇಹದಲ್ಲಿ ಚಪಾತಿಯಿಂದಾಗುವ ಲಾಭದ ಬಹುಪಾಲು ಈ ಅಳತೆಯ ಲಾಭ. ಒಂದನೇ ಬಗೆಯ ಮಧುಮೇಹದ ಮಗುವಿಗೆ ಈ ಲೆಕ್ಕವೇ ಬೇರೆ. ಊಟದಲ್ಲಿರುವ ಪಿಷ್ಟಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸುವುದು ಇಲ್ಲಿನ ಕ್ರಮ. ಮನೆಯವರೆಲ್ಲ ಉಣ್ಣುವ ಊಟವನ್ನೇ ಮಗುವೂ ಉಣ್ಣಬಹುದು; ಅಳತೆ ಗೊತ್ತಿದ್ದರೆ ಸಾಕು. ನಿಂಬೆಹಣ್ಣಿನ ಗಾತ್ರವೋ ಕಿತ್ತಳೆ ಗಾತ್ರವೋ, ದಿನವೂ ಒಂದೇ ಅಳತೆಯ ಮುದ್ದೆ ಕಟ್ಟಿದರೆ ಇನ್ಸುಲಿನ್ ಲೆಕ್ಕ ತಪ್ಪುವುದಿಲ್ಲ. ಎಷ್ಟು ತಿಂದರೂ ಸಕ್ಕರೆ ಏರದ ಮಾಯದ ಧಾನ್ಯ ರಾಗಿ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿಯ ಬಗ್ಗೆ ಕೇಳಬಾರದ ಸುಳ್ಳುಗಳನ್ನೆಲ್ಲ ಕೇಳಿದ್ದೇನೆ. ಆದರೆ ಅದರಲ್ಲಿ ಗ್ಲುಟೆನ್ ಇಲ್ಲ ಎಂಬುದು ನಿಜ. 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣಾಂಶವಿದೆ ಎಂಬುದೂ ನಿಜ. ಸೀಲಿಯಾಕ್ ಕಾಯಿಲೆಯಿಂದ ಮೂಳೆ ಸೊರಗಿದ ಮಗುವಿಗೆ ಅದು ದೊಡ್ಡ ಮಾತು.

ಹಾಗಾದರೆ ನಾಳೆಯಿಂದಲೇ ಗೋಧಿ ನಿಲ್ಲಿಸಿಬಿಡೋಣ ಎಂದು ಯಾರೂ ಹೊರಡಬೇಡಿ. ಇದು ಈ ಲೇಖನದ ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯ ಕ್ರಮೇಣ ಇಳಿದು, ಕರುಳು ಮಾಗಿ, ಕಾಯಿಲೆ ಇದ್ದರೂ ಇಲ್ಲವೆಂದು ವರದಿ ಬರಬಹುದು. ಮಗು ಎಂದಿನಂತೆ ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು. ಮೊದಲನೆಯದು ರಕ್ತ ಪರೀಕ್ಷೆ. ಟಿಟಿಜಿ ಐಜಿಎ ಎಂದು ಕೇಳಿದರೆ ಪ್ರಯೋಗಾಲಯದವರಿಗೆ ತಿಳಿಯುತ್ತದೆ. ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ಒಮ್ಮೆ ನೋಡಿಸಬೇಕು. ಕೆಲವರ ಮೈಯಲ್ಲಿ ಐಜಿಎ ಎಂಬುದೇ ಕಡಿಮೆ ಇರುವುದರಿಂದ ಮೊದಲ ಪರೀಕ್ಷೆ ಸುಳ್ಳು ಧೈರ್ಯ ಕೊಡಬಹುದು. ಅನುಮಾನ ಬಂದರೆ ಮುಂದಿನದು ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಆರಂಭದ ಭಾಗದಿಂದ ಚೂರು ತೆಗೆದು ನೋಡುವುದು. ಪ್ರತಿಕಾಯ ಅತಿ ಹೆಚ್ಚಿರುವ ಕೆಲವು ಮಕ್ಕಳಲ್ಲಿ ಇನ್ನೊಂದು ರಕ್ತ ಪರೀಕ್ಷೆಯಿಂದಲೇ ಖಚಿತಪಡಿಸಿಕೊಳ್ಳುವುದೂ ಉಂಟು. ಅದನ್ನು ತಜ್ಞರು ತೀರ್ಮಾನಿಸಬೇಕು.

ಮಕ್ಕಳ ಮಧುಮೇಹ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಇಸ್ಪಾಡ್, ಮಧುಮೇಹ ಗೊತ್ತಾದಾಗ ಒಮ್ಮೆ, ಎರಡು ವರ್ಷದ ಮೇಲೆ ಒಮ್ಮೆ, ಐದು ವರ್ಷಕ್ಕೆ ಇನ್ನೊಮ್ಮೆ ಈ ಪರೀಕ್ಷೆ ಮಾಡಿಸಬೇಕೆಂದು ಹೇಳಿದೆ. ಲಕ್ಷಣ ಇರಲಿ ಬಿಡಲಿ. ನಡುವೆ ಅನುಮಾನ ಬಂದರೆ ಆಗಲೂ. ಮೊದಲ ಸಲ ಇಲ್ಲವೆಂದು ಬಂದದ್ದು ಮುಂದೆ ಬರುವುದೇ ಇಲ್ಲ ಎಂಬುದಕ್ಕೆ ಖಾತ್ರಿಯಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಎಷ್ಟು ಮಕ್ಕಳಿಗೆ ಇದು ನಡೆದಿದೆ? ನನ್ನಲ್ಲಿಗೆ ಬಂದ ಮಕ್ಕಳ ಹಳೆಯ ಕಡತಗಳಲ್ಲಿ ಕಣ್ಣಿನ ಪರೀಕ್ಷೆ ಇದೆ, ಮೂತ್ರಪಿಂಡದ ಪರೀಕ್ಷೆ ಇದೆ, ಕೆಲವರಿಗೆ ಥೈರಾಯ್ಡ್ ಇದೆ. ಟಿಟಿಜಿ ಕಂಡದ್ದು ಅಪರೂಪ. ನಾನೇ ನಾಲ್ಕು ವರ್ಷ ಬರೆಯದವನು, ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ.

ಖರ್ಚಿನ ಮಾತು ಬರುತ್ತದೆ. ಗ್ಲುಕೋಮೀಟರಿನ ಪಟ್ಟಿ ಡಬ್ಬಿ ಒಂದೆರಡು ಕೊಂಡಷ್ಟು ಹಣ ಈ ರಕ್ತ ಪರೀಕ್ಷೆಗೆ ಬೀಳುತ್ತದೆ. ಅಡಿಕೆ ತೆಂಗು ಇರುವ ಮನೆಗೆ ದೊಡ್ಡದಲ್ಲದಿರಬಹುದು. ಕೂಲಿ ಮಾಡಿ ಇನ್ಸುಲಿನ್ನಿಗೆ ಹಣ ಹೊಂದಿಸುವವರಿಗೆ ದೊಡ್ಡದೇ. ಆದ್ದರಿಂದ ಇದು ಸರ್ಕಾರಿ ಆಸ್ಪತ್ರೆಯಲ್ಲಿ ಮಧುಮೇಹಿ ಮಕ್ಕಳಿಗೆ ಉಚಿತವಾಗಿ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 18 ವರ್ಷದವರೆಗಿನ ಮಕ್ಕಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆ, ಅಂಗನವಾಡಿಗಳಿಗೆ ಹೋಗುತ್ತಾರೆ. ಎಲ್ಲ ಮಕ್ಕಳಿಗೂ ಮಾಡಿರೆಂದು ನಾನು ಕೇಳುತ್ತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳು ಒಂದು ತಾಲ್ಲೂಕಿನಲ್ಲಿ ಎಷ್ಟು ಮಂದಿ ಇದ್ದಾರು? ಅವರ ಪಟ್ಟಿ ಮಾಡಿ, ರಕ್ತದ ಮಾದರಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುವುದು ಕುಣಿಗಲ್ಲಿಗಾಗಲಿ ಗುಬ್ಬಿಗಾಗಲಿ ಆಗದ ಕೆಲಸವೇನೂ ಅಲ್ಲ.

ಕಾಯಿಲೆ ಖಚಿತವಾದ ಮೇಲೆ ಔಷಧಿ ಒಂದೇ: ಗೋಧಿಯನ್ನು ಬಾಳಿನುದ್ದಕ್ಕೂ ಪೂರ್ತಿ ಬಿಡುವುದು. 'ಸ್ವಲ್ಪ' ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಚಪಾತಿ, ಪೂರಿ, ಬ್ರೆಡ್ಡು, ಬನ್ನು ಎಲ್ಲರಿಗೂ ಹೊಳೆಯುತ್ತದೆ. ರವೆ ಗೋಧಿಯದೆಂದು ಮರೆಯುವವರಿದ್ದಾರೆ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ರವೆ ಉಂಡೆ ಇವೆಲ್ಲ ಗೋಧಿಯೇ. ಶ್ಯಾವಿಗೆ ಪಾಯಸ, ಚಿರೋಟಿ, ಒಬ್ಬಟ್ಟಿನ ಕಣಕ, ಬೀದಿಬದಿಯ ಗೋಬಿ ಮಂಚೂರಿಯ ಮೇಲಿನ ಹಿಟ್ಟು ಕೂಡ. ನಿಪ್ಪಟ್ಟು, ಕೋಡುಬಳೆಗೆ ಗರಿಗರಿಯಾಗಲೆಂದು ಮೈದಾ, ಚಿರೋಟಿ ರವೆ ಬೆರೆಸುವ ಮನೆಗಳು ಬಹಳ. ಖಪ್ಲಿ ಗೋಧಿ, ಸಾವಯವ ಗೋಧಿ ಎಂದು ದುಬಾರಿ ಬೆಲೆಗೆ ಕೊಂಡರೂ ಗ್ಲುಟೆನ್ ಗ್ಲುಟೆನ್ನೇ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಹೆಚ್ಚಿನವು ಬಾರ್ಲಿ, ಗೋಧಿಯಿಂದ ಮಾಡಿದವು. ಮನೆಯಲ್ಲೇ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಬೇರೆ. ಯಾರೂ ಊಹಿಸದ ಇನ್ನೊಂದು ಜಾಗ ಇಂಗಿನ ಡಬ್ಬಿ. ಅಂಗಡಿಯ ಇಂಗು ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟು ಸೇರಿಸಿದ್ದು, ಆ ಹಿಟ್ಟು ಅನೇಕ ವೇಳೆ ಮೈದಾ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ. ಅಕ್ಕಿಹಿಟ್ಟು ಸೇರಿಸಿದ್ದೂ ಸಿಗುತ್ತದೆ. ಅಂಗಡಿಯ ಸಾರಿನಪುಡಿಯಲ್ಲೂ ಇದೇ ಇಂಗು ಇರಬಹುದು.

ಆಮೇಲೆ ಹಿಟ್ಟಿನ ಗಿರಣಿ. ಹಿಂದಿನವರು ಗೋಧಿ ಬೀಸಿಸಿಕೊಂಡು ಹೋದ ಕಲ್ಲಿಗೇ ನಮ್ಮ ರಾಗಿ ಸುರಿದರೆ ಹಿಟ್ಟಿನಲ್ಲಿ ಗೋಧಿ ಸೇರಿಯೇ ಸೇರುತ್ತದೆ. ಗ್ಲುಟೆನ್ ಇಲ್ಲವೆಂದು ಅಚ್ಚು ಹಾಕುವ ಪೊಟ್ಟಣದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ ಎಂದರೆ ಎಷ್ಟು ಅಲ್ಪವೂ ಲೆಕ್ಕಕ್ಕೆ ಬರುತ್ತದೆ ಎಂಬುದು ತಿಳಿಯುತ್ತದೆ. ರಾಗಿಗೇ ಮೀಸಲಾದ ಗಿರಣಿ ಹತ್ತಿರದಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲೇ ಬೀಸಿಕೊಳ್ಳಬೇಕು. ಚಪಾತಿ ಹೆಂಚಿನ ಮೇಲೆಯೇ ಮಗುವಿನ ರಾಗಿ ರೊಟ್ಟಿ ಸುಡಬಾರದು, ಬೇರೆ ಹೆಂಚು ಬೇಕು. ಉಳಿದಂತೆ ನಮ್ಮ ಕಡೆಯವರು ಹೆದರಬೇಕಾದ್ದಿಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಎಲ್ಲ ಬೇಳೆಕಾಳು, ಅವರೆ, ಹುರುಳಿ, ತೆಂಗು, ಹಾಲು ಮೊಸರು, ಮೊಟ್ಟೆ ಮಾಂಸ ಇವುಗಳಲ್ಲಿ ಗ್ಲುಟೆನ್ ಇಲ್ಲ. ಗುಬ್ಬಿ ಜಾತ್ರೆಯ ಕಡ್ಲೆಪುರಿಯಲ್ಲೂ ಇಲ್ಲ. ದೆಹಲಿಯ ತಾಯಿ ಇಂಥ ಮಗುವಿಗೆ ಏನು ಕೊಡಲೆಂದು ಅಳುವಾಗ ನಮ್ಮ ತಾಯಂದಿರಿಗೆ ತಮ್ಮ ಅತ್ತೆ ಮಾಡುತ್ತಿದ್ದ ಅಡುಗೆ ನೆನಪಿದ್ದರೆ ಸಾಕು. ದುಬಾರಿ ಪೊಟ್ಟಣಗಳ ಅಗತ್ಯವೇ ಇಲ್ಲ.

ಸಕ್ಕರೆ ಇಳಿದಾಗ ಬಿಸ್ಕತ್ತಿನ ಬದಲು ಎರಡು ಮೂರು ಚಮಚ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು, ಆಮೇಲೆ ಬಾಳೆಹಣ್ಣು. ಶಾಲೆಯ ಮೇಷ್ಟ್ರಿಗೂ ಇದನ್ನು ಹೇಳಿಡಬೇಕು. ಬಿಸ್ಕತ್ತಿಗಿಂತ ಇದೇ ಬೇಗ ಕೆಲಸ ಮಾಡುವುದರಿಂದ ಸೀಲಿಯಾಕ್ ಇಲ್ಲದ ಮಧುಮೇಹಿ ಮಕ್ಕಳಿಗೂ ಇದೇ ಸರಿ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಗೋಧಿ ಬಿಟ್ಟರೆ ಮಧುಮೇಹ ವಾಸಿಯಾಗುವುದಿಲ್ಲ. ಇನ್ಸುಲಿನ್ ನಿಲ್ಲಿಸುವಂತಿಲ್ಲ. ಗೋಧಿ ಬಿಡಿಸಿ, ಕಷಾಯ ಕುಡಿಸಿ, ಚುಚ್ಚುಮದ್ದು ಬಿಡಿಸುತ್ತೇವೆ ಎನ್ನುವವರ ಮಾತು ಕೇಳಿದರೆ ಕೆಲವೇ ದಿನಗಳಲ್ಲಿ ಮಗುವಿನ ಪ್ರಾಣಕ್ಕೆ ಕುತ್ತು. ನಿಜಕ್ಕೂ ಆಗುವುದು ಇದಕ್ಕೆ ತಿರುಗಾಮುರುಗಾ: ಕರುಳು ಮಾಗಿ ಊಟ ಮೈಗೆ ಹತ್ತತೊಡಗಿದಾಗ ಇನ್ಸುಲಿನ್ ಹೆಚ್ಚು ಬೇಕಾಗಬಹುದು. ಆ ದಿನಗಳಲ್ಲಿ ಸಕ್ಕರೆಯನ್ನು ಪದೇಪದೇ ನೋಡಿಕೊಂಡು ವೈದ್ಯರ ಸಂಪರ್ಕದಲ್ಲಿರಬೇಕು. ಹಾಗೆಯೇ ಪರೀಕ್ಷೆಯಲ್ಲಿ ಸೀಲಿಯಾಕ್ ಇಲ್ಲವೆಂದು ಬಂದ ಮಗುವಿಗೆ ಗೋಧಿ ಬಿಡಿಸಬೇಕಾದ ಕಾರಣವೂ ಇಲ್ಲ. ಆಗಲೇ ಇರುವ ಪಥ್ಯದ ಮೇಲೆ ಇನ್ನೊಂದು ಪಥ್ಯವನ್ನು ಮಗುವಿನ ತಲೆಗೆ ಕಟ್ಟಬೇಡಿ.

ನಮ್ಮ ಹುಡುಗಿಯ ಟಿಟಿಜಿ ಇರಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಎಂಡೋಸ್ಕೋಪಿಯ ಚೂರಿನಲ್ಲಿ ಕರುಳಿನ ಎಳೆಗಳು ಸವೆದಿದ್ದವು. ವರದಿ ತೋರಿಸಿದಾಗ ತಂದೆ ಬಹಳ ಹೊತ್ತು ಮಾತಾಡಲಿಲ್ಲ. "ಒಂದು ಸಾಲದು ಅಂತ ಇನ್ನೊಂದಾ ಸಾರ್? ಊರಲ್ಲಿ ಯಾರಿಗೂ ಹೇಳ್ಬೇಡಿ, ನಾಳೆ ಮದುವೆ ಮಾಡ್ಬೇಕು" ಎಂದರು. ಹನ್ನೊಂದು ವರ್ಷದ ಮಗುವಿನ ಮದುವೆಯ ಚಿಂತೆ ಈಗಲೇ ಏಕೆ ಎಂದು ರೇಗಬೇಕೆನಿಸಿತು. ರೇಗಲಿಲ್ಲ. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಒಬ್ಬಟ್ಟು ತಿನ್ನಂಗಿಲ್ವಾ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅಜ್ಜಿಯಲ್ಲಿತ್ತು. ಆ ಯುಗಾದಿಗೆ ಅಕ್ಕಿಹಿಟ್ಟಿನ ಕಣಕದಲ್ಲಿ ಒಬ್ಬಟ್ಟು ತಟ್ಟಿದರಂತೆ. ಹೆಂಚಿನ ಮೇಲೆ ಹರಿದು ಹೂರಣವೆಲ್ಲ ಹೊರಬಂತಂತೆ. ತಾಯಿ ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿದರು, ಮಗು ಒಂದು ತಿಂದಳು.

ಈಗ ಹದಿನೆಂಟು ತಿಂಗಳಾಯಿತು. ಹಿಮೋಗ್ಲೋಬಿನ್ ಅದೇ ಹಳೆಯ ಟಾನಿಕ್ಕಿನಿಂದಲೇ ಏರಿದೆ. ರಾತ್ರಿ ಬೆವತು ಏಳುವುದು ನಿಂತಿದೆ. ಇನ್ಸುಲಿನ್ ಮೊದಲಿಗಿಂತ ಹೆಚ್ಚು ಬೇಕಾಗುತ್ತಿದೆ. ಶಾಲೆಯ ಲಂಗ ವರ್ಷ ತುಂಬುವ ಮೊದಲೇ ಗಿಡ್ಡವಾಯಿತೆಂದು ತಾಯಿ ದೂರುವ ದನಿಯಲ್ಲಿ ಹೇಳಿದರು. ಗುಬ್ಬಿಯಿಂದ ಅಜ್ಜಿ ತಮ್ಮ ರಾಗಿಕಲ್ಲನ್ನು ಮಗಳ ಮನೆಗೆ ಸಾಗಿಸಿದ್ದಾರೆ. ಸೀಲಿಯಾಕ್ ಇರುವವರ ಒಡಹುಟ್ಟಿದವರಿಗೆ, ತಂದೆತಾಯಿಗೆ ಕೂಡ ರಕ್ತ ಪರೀಕ್ಷೆ ಮಾಡಿಸಬೇಕು. ತಂದೆತಾಯಿಯದು ಆಗಿದೆ, ಇಬ್ಬರಲ್ಲೂ ಇಲ್ಲ. ಆರು ವರ್ಷದ ತಮ್ಮ ಸೂಜಿ ಕಂಡರೆ ಓಡುತ್ತಾನೆ. ಅವನನ್ನು ಮುಂದಿನ ಸೋಮವಾರ ಕರೆತರುವುದಾಗಿ ಹೇಳಿ ಹೋಗಿದ್ದಾರೆ.